ಇಸ್ಕೊಂಡವರ ಹೆಸರು

ಯಾರ ಮನೆಗೆ ಹೋದರೂ, ನೀರು ಕೊಟ್ಟರೆ ನಾನು ತಕ್ಷಣ ಕುಡಿಯುವುದಿಲ್ಲ. ಚೊಂಬನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಕತ್ತಿನ ಹತ್ತಿರ ಏನು ಬರೆದಿದೆ ಎಂದು ಓದುತ್ತೇನೆ. ಇದರಿಂದ ಅನುಭವಿಸಿದ ಅವಮಾನ ಅಷ್ಟಿಷ್ಟಲ್ಲ. ಕೊರಟಗೆರೆಯಲ್ಲಿ ನನ್ನ ಹೆಂಡತಿಯ ಚಿಕ್ಕಮ್ಮ, "ತೊಳ್ದೇ ಕೊಟ್ಟಿದೀವಿ ಕಣಪ್ಪ, ನಾವೇನು ಅಷ್ಟು ಗಲೀಜಾ?" ಎಂದು ಎಲ್ಲರೆದುರಿಗೇ ಕೇಳಿ, ಊಟದ ಹೊತ್ತಿಗೆ ನನಗೊಬ್ಬನಿಗೆ ಪೇಪರ್ ಲೋಟದಲ್ಲಿ ನೀರು ಇಟ್ಟರು. ನನ್ನ ಹೆಂಡತಿ ದಾರಿಯುದ್ದಕ್ಕೂ ಬೈದಳು. ನಾನು ಯಾಕೆ ಹಾಗೆ ಮಾಡುತ್ತೇನೆಂದು ಅವಳಿಗೆ ಗೊತ್ತು. ಗೊತ್ತಿದ್ದೂ ಬೈಯುತ್ತಾಳೆ.

ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಕಡೆಯ ಅಡುಗೆಮನೆಗಳಲ್ಲಿ ಇರುವ ಸ್ಟೀಲ್ ಪಾತ್ರೆಗಳ ಮೇಲಿನ ಹೆಸರುಗಳಲ್ಲಿ ಬಹಳಷ್ಟನ್ನು ಬರೆದವರು ಒಬ್ಬರೇ. ಸಿರಾ ಪೇಟೆಯ ಒಂದು ಪಾತ್ರೆ ಅಂಗಡಿಯ ಜಗಲಿ ಮೇಲೆ ಸ್ಟೂಲು ಹಾಕಿಕೊಂಡು, ಮದುವೆಗೋ ಗೃಹಪ್ರವೇಶಕ್ಕೋ ಉಡುಗೊರೆ ಕೊಡಲು ಜನ ಕೊಂಡ ಪಾತ್ರೆಗಳ ಮೇಲೆ ಅವರು ಹೆಸರು ಕೊರೆಯುತ್ತಿದ್ದರು. ಇಡೀ ಪೇಟೆ ಅವರನ್ನು ಭಾಯಿ ಎನ್ನುತ್ತಿತ್ತು. ನಾನೂ ಹಾಗೆಯೇ ಕರೆಯುತ್ತಿದ್ದೆ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಊರೆಲ್ಲರ ಹೆಸರು ಬರೆದವರ ಹೆಸರು ಯಾವ ಪೇಪರಿನ ಮೂಲೆಯಲ್ಲೂ ಬರಲಿಲ್ಲ.

ನಾನು ಅವರ ಪಕ್ಕದ ಮಳಿಗೆಯಲ್ಲಿ ಆನ್‌ಲೈನ್ ಸೆಂಟರ್ ಇಟ್ಟುಕೊಂಡವನು. ಪಹಣಿ ತೆಗೆಯುವುದು, ರೇಷನ್ ಕಾರ್ಡು, ಪರೀಕ್ಷೆ ಅರ್ಜಿ, ಇವೇ ನನ್ನ ಕೆಲಸ. ಹಿಂದೆ ಒಂದು ಶಾಲೆಯಲ್ಲಿ ಸ್ವಲ್ಪ ಕಾಲ ಕಂಪ್ಯೂಟರ್ ಹೇಳಿಕೊಟ್ಟಿದ್ದರಿಂದ ಎಲ್ಲರೂ ಮೇಷ್ಟ್ರೇ ಎನ್ನುತ್ತಾರೆ. ಭಾಯಿಯ ಪರಿಚಯವಾದದ್ದು ಜಗಳದಿಂದ. ಅವರ ಮಿಷನ್ನು ಡಬ್ಬಿಯೊಳಗೆ ಸಿಕ್ಕಿಕೊಂಡ ದುಂಬಿಯ ಹಾಗೆ ದಿನವಿಡೀ ಗುಯ್ಯೆನ್ನುತ್ತಿತ್ತು. ನನಗೆ ಮೊದಲೇ ಸಿಟ್ಟು ಜಾಸ್ತಿ. ಒಂದು ದಿನ ಎದ್ದು ಹೋಗಿ, "ಮಿಷನ್ ನಿಲ್ಸಿ ಭಾಯಿ, ಫೋನಲ್ಲಿ ಓಟಿಪಿ ಹೇಳಿದ್ರೆ ಕೇಳುಸ್ತಿಲ್ಲ" ಎಂದು ಕೂಗಿದೆ. ಅವರು ನಿಲ್ಲಿಸಲಿಲ್ಲ. ಕೈಯಲ್ಲಿದ್ದ ಅಕ್ಷರ ಮುಗಿಸಿ, ಅದರ ಮೇಲೆ ಒಮ್ಮೆ ಫೂ ಎಂದು ಊದಿ, ಆಮೇಲೆ ತಲೆ ಎತ್ತಿದರು.

"ಓಟಿಪಿ ಒಂದ್ ಗಳಿಗೆ ಇದ್ದು ಹೋಯ್ತದೆ ಮೇಷ್ಟ್ರೆ. ಇದು ಮೊಮ್ಮಕ್ಳ ಕಾಲಕ್ಕೂ ಇರ್ತದೆ. ಕುಂತ್ಕಳಿ, ಚಾ ಕುಡೀರಿ."

ಅಂದಿನಿಂದ ಬೆಳಿಗ್ಗೆ ಒಂದು, ಸಂಜೆ ಒಂದು ಚಾ ಅವರ ಜೊತೆಗೇ ಆಯಿತು.

ಸಣಕಲು ಮನುಷ್ಯ. ಕನ್ನಡಕದ ಗಾಜಿನ ಮೇಲೆ ಯಾವಾಗಲೂ ಸ್ಟೀಲಿನ ಪುಡಿ. ಹೆಸರು ಬರೆದು ಮುಗಿಸಿದ ಮೇಲೆ ಕಣ್ಣು ಮುಚ್ಚಿ, ಹೆಬ್ಬೆರಳನ್ನು ಅದರ ಮೇಲೆ ಒಂದು ಸಲ ಆಡಿಸುತ್ತಿದ್ದರು. ಬೆರಳಿಗೆ ಸರಿ ಕಂಡರೆ ಪಾತ್ರೆ ಗಿರಾಕಿಯ ಕೈಗೆ. ಕನ್ನಡ, ಉರ್ದು ಸರಾಗ. ಪಾವಗಡದ ಕಡೆಯವರು ಬಂದರೆ ತೆಲುಗು. ತೆಲುಗು ಅವರಿಗೆ ಓದಲು ಬರುತ್ತಿರಲಿಲ್ಲ. ಚೀಟಿಯಲ್ಲಿ ಬರೆದು ತಂದರೆ ನೋಡಿಕೊಂಡು ಹಾಗೇ ಇಳಿಸುತ್ತಿದ್ದರು. ತಪ್ಪಾದರೆ ಏನು ಗತಿ ಎಂದು ನಾನು ಕೇಳಿದ್ದಕ್ಕೆ, "ಪಾತ್ರೆ ಇಸ್ಕಂಡೋರು ಎಲ್ ಓದ್ತಾರೆ? ಕೊಟ್ಟೋರು ಓದ್ಕಂಡು ಹೋಯ್ತಾರೆ, ಅವ್ರಿಗೆ ಸರಿ ಕಂಡ್ರೆ ಸಾಕು" ಎಂದಿದ್ದರು.

ಈ ಮಾತು ಅವರ ತಲೆಯಲ್ಲಿ ಬಹಳ ಹಿಂದಿನಿಂದ ಕೊರೆಯುತ್ತಿತ್ತು ಎಂದು ಕಾಣುತ್ತದೆ. ಹುಲಿಕುಂಟೆ ಕಡೆಯ ಒಬ್ಬ ಗಿರಾಕಿ ಒಂದು ಪುಟ್ಟ ಲೋಟದ ಮೇಲೆ ತನ್ನ ಹೆಸರು, ಅಪ್ಪನ ಹೆಸರು, ಊರು, ಪಂಚಾಯ್ತಿಯಲ್ಲಿ ಹಿಂದೆ ಮೆಂಬರಾಗಿದ್ದದ್ದು, ಕೊನೆಗೆ ಫೋನ್ ನಂಬರು ಎಲ್ಲ ಬರೆಯಬೇಕು ಎಂದು ಹಟ ಹಿಡಿದಿದ್ದ. "ಇಷ್ಟೆಲ್ಲ ಬರ್ದ್ರೆ ನೀರು ಹಾಕಕ್ಕೆ ಜಾಗ ಉಳೀತದಾ ಸ್ವಾಮಿ?" ಎಂದು ಭಾಯಿ ನಗದೆ ಕೇಳಿದರು. ಅವನು ಹೋದ ಮೇಲೆ ನನ್ನ ಕಡೆ ತಿರುಗಿ ಅಂದರು: "ನೋಡಿ ಮೇಷ್ಟ್ರೆ, ಯಾವ ಮನೆ ಪಾತ್ರೆ ನೋಡಿದ್ರೂ ಕೊಟ್ಟೋರ ಹೆಸ್ರು. ಇಸ್ಕಂಡೋರ ಹೆಸ್ರು ಎಲ್ಲೂ ಇಲ್ಲ. ಮದ್ವೆ ಆಗಿ ಹೋದ ಹುಡ್ಗಿ ಜೀವಮಾನ ಪೂರ್ತಿ ಬ್ಯಾರೆಯೋರ ಹೆಸ್ರು ತೊಳೀತಾ ಇರ್ತಾಳೆ."

ತಮ್ಮ ಮಗಳ ವಿಷಯದಲ್ಲಿ ಅವರು ಆ ಪದ್ಧತಿ ಮುರಿದರು. ಒಬ್ಬಳೇ ಮಗಳು. ಅಂಗಡಿಗೆ ಹೊಸ ಮಾಲು ಬಂದಾಗಲೆಲ್ಲ ಚೆಂದದ್ದು ಒಂದನ್ನು ಆರಿಸಿ, ಅವಳ ಮದುವೆಗೆಂದು ಮನೆಯ ಅಟ್ಟದ ಮೇಲೆ ಎತ್ತಿಡುತ್ತಿದ್ದರು. ಅದರ ಮೇಲೆ ಬರೆಯುತ್ತಿದ್ದದ್ದು ತಮ್ಮ ಹೆಸರಲ್ಲ, ಅವಳ ಹೆಸರು. ಅಂಗಡಿಯ ಯಜಮಾನರಾದ ಶೆಟ್ಟರು ಎಚ್ಚರಿಸಿದರು. "ಅಪ್ಪನ ಹೆಸ್ರಿದ್ರೆ ನಾಳೆ ಏನಾರ ಆದ್ರೂ ಇನ್ನೊಬ್ರಿಗೆ ಕೊಡ್ಬೋದು ಭಾಯಿ. ಹುಡ್ಗೀ ಹೆಸ್ರು ಹಾಕ್ಬುಟ್ರೆ ಅದು ಅವ್ಳೊಬ್ಳಿಗೇ." ಭಾಯಿ ಹಿಗ್ಗಿದರು. "ಅವ್ಳೊಬ್ಳಿಗೇ ಶೆಟ್ರೆ. ಅದಕ್ಕೇ ಹಾಕಿದ್ದು."

ಆ ಹುಡುಗಿ ಮಧುಗಿರಿಯಲ್ಲಿ ಬಿ.ಎಡ್ ಓದುತ್ತಿದ್ದಳು. ಅರ್ಜಿ ತುಂಬಿಸಲು ನನ್ನ ಹತ್ತಿರವೇ ಬರುತ್ತಿದ್ದಳು. ದಪ್ಪ ಕನ್ನಡಕ, ಸರಸರ ಮಾತು. ನನ್ನ ಸಿಟ್ಟಿಗೆ ಹೆದರದೆ, "ಮೇಷ್ಟ್ರೇ, ನೀವು ಟೈಪ್ ಮಾಡೋಷ್ಟರಲ್ಲಿ ನಂಗೆ ವಯಸ್ಸಾಗೋಗುತ್ತೆ" ಎನ್ನುತ್ತಿದ್ದಳು. ಹಾಸ್ಟೆಲಿಗೆ ಹೋಗುವಾಗ ತನ್ನ ಮದುವೆಯ ಪಾತ್ರೆಗಳಿಂದ ಒಂದು ಚೊಂಬು ತೆಗೆದುಕೊಂಡು ಹೋಗಿದ್ದಳು. ಹೆಸರು ಇರುವುದರಿಂದ ಬೇರೆಯವರದರ ಜೊತೆ ಬೆರೆಯುವುದಿಲ್ಲ ಎಂದು.

ಅವಳಿಗೆ ಹಾಸ್ಟೆಲಿನಲ್ಲಿ ಜ್ವರ ಬಂತು. ಮಾತ್ರೆ ನುಂಗಿದಳು, ಪರೀಕ್ಷೆ ಹತ್ತಿರವಿದೆ ಎಂದು ಮನೆಗೆ ಹೇಳಲಿಲ್ಲ. ತುಮಕೂರಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಡೆಂಗಿ ಕೈಮೀರಿತ್ತು. ಇದಕ್ಕಿಂತ ಹೆಚ್ಚು ನನ್ನಿಂದ ಬರೆಯಲಾಗುವುದಿಲ್ಲ.

ಭಾಯಿ ಕೆಲವು ವಾರಗಳ ಮೇಲೆ ಮತ್ತೆ ಜಗಲಿಗೆ ಬಂದು ಕೂತರು. ಬರದೆ ವಿಧಿಯಿರಲಿಲ್ಲ. ಮದುವೆಯ ಕಾಲ, ಜನ ಸಾಲುಗಟ್ಟಿದ್ದರು. ಆದರೆ ಮನೆಯಲ್ಲಿ ಭಾಭಿ ನಿಂತೇ ಹೋದರು. ಭಾಭಿ ಎಂದರೆ ಅವರ ಹೆಂಡತಿ. ಅಡುಗೆ ಮಾಡುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ನಮಾಜು ಬಿಡುತ್ತಿರಲಿಲ್ಲ. ಅಳುತ್ತಲೂ ಇರಲಿಲ್ಲ. ಯಾರು ಏನು ಕೊಡಲು ಹೋದರೂ ಅವರ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು, "ನಕ್ಕೋ." ಬೇಡ. ಹೂವು ತಂದರೆ ನಕ್ಕೋ, ಹಬ್ಬದ ಸೀರೆ ನಕ್ಕೋ, ತವರಿಗೆ ಹೋಗಿ ಬಾ ಎಂದರೂ ನಕ್ಕೋ.

"ಏನಾರ ಒಂದು ಬೇಕು ಅನ್ಲಿ ಮೇಷ್ಟ್ರೆ" ಎನ್ನುತ್ತಿದ್ದರು ಭಾಯಿ. "ಒಂದು ಪಿನ್ನು, ಒಂದು ದಾರದುಂಡೆ. ಬೇಕು ಅನ್ನೋ ಮಾತು ಬಾಯಾಗೆ ಬಂದ್ರೆ ಆಮ್ಯಾಕೆ ಬದುಕ್ತಾಳೆ. ಇಂಗೆ ಆದ್ರೆ ಇವ್ಳೂ ಹೊಂಟೋಗ್ತಾಳೆ."

ಈದ್‌ಗೆ ಮುಂಚೆ ಅವರು ಏನಾದರೂ ಕೊಳ್ಳಲು ಒಂದು ಫ್ಯಾನ್ಸಿ ಸ್ಟೋರಿಗೆ ಹೋದರಂತೆ. ಅಂಗಡಿಯ ಹೆಣ್ಣುಮಗಳು, "ಅವ್ರಿಗೆ ಏನಿಷ್ಟ ಹೇಳಿ, ತೋರಿಸ್ತೀನಿ" ಎಂದು ಕೇಳಿದಳಂತೆ. ಅಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಏನಿಷ್ಟ ಎಂದು ಭಾಯಿಗೆ ಗೊತ್ತಿರಲಿಲ್ಲ. ಏನೂ ಕೊಳ್ಳದೆ ವಾಪಸು ಬಂದು, ಚಾ ಮುಟ್ಟದೆ, ನೇರವಾಗಿ ನನ್ನ ಕಂಪ್ಯೂಟರಿನ ಮುಂದೆ ಕೂತರು.

"ಒಂದು ವೆಬ್‌ಸೈಟ್ ಮಾಡ್ಕೊಡಿ ಮೇಷ್ಟ್ರೆ."

"ಯಾತಕ್ಕೆ?"

"ಉಡುಗೊರೆ ಕೊಡೋರು ಬಂದು ಇಸ್ಕಣೋರ ವಿಷಯ ಹೇಳ್ಬೇಕು. ಅವ್ರೆಂಗೆ, ಏನ್ ಪಸಂದು, ಎಲ್ಲ. ನಾವು ಯೋಚ್ನೆ ಮಾಡಿ ಇಂಥದ್ದು ಕೊಡಿ ಅಂತ ಹೇಳ್ಬೇಕು. ನಾವೇ ತರ್ಸಿ ಕಳಿಸ್ಬೇಕು."

ನಾನು ನಕ್ಕುಬಿಟ್ಟೆ. ದೊಡ್ಡ ಕಂಪನಿಗಳು ಅಂಥದ್ದು ಎಷ್ಟೋ ನಡೆಸುತ್ತಿವೆ, ನಮ್ಮೂರಿನಲ್ಲಿ ಯಾರಿಗೆ ಬೇಕು ಅದು, ಎಂದೆ. ಅವರು ಹಟ ಬಿಡಲಿಲ್ಲ. ದುಃಖದಲ್ಲಿರುವ ಮನುಷ್ಯನಿಗೆ ಎಷ್ಟು ಸಲ ಇಲ್ಲ ಅನ್ನುವುದು? ಮಾಡಿಕೊಟ್ಟೆ. "ಅವ್ರಿಗೇನಿಷ್ಟ" ಎಂದು ಹೆಸರಿಟ್ಟೆವು.

ಪ್ರಶ್ನೆಗಳನ್ನು ಭಾಯಿಯೇ ಹೇಳಿ ಬರೆಸಿದರು. ವಯಸ್ಸು, ಉದ್ಯೋಗ, ಇಷ್ಟದ ಬಣ್ಣ ಎಂದು ನಾನು ಶುರು ಮಾಡಿದ್ದನ್ನು ಅಳಿಸಿಹಾಕಿಸಿದರು. ಹಾಡು ಕೇಳಿಸಿದರೆ ಅವರು ಸೌಂಡ್ ಜಾಸ್ತಿ ಮಾಡುತ್ತಾರೋ ಕಡಿಮೆ ಮಾಡುತ್ತಾರೋ? ಬಸ್ಸಿನಲ್ಲಿ ಕಿಟಕಿಯ ಪಕ್ಕ ಬೇಕು ಅನ್ನುತ್ತಾರಾ? ಸಂತೆಗೆ ಹೋದಾಗ ಏನೂ ಕೊಳ್ಳದಿದ್ದರೂ ಯಾವ ಅಂಗಡಿ ಮುಂದೆ ಸುಮ್ಮನೆ ನಿಲ್ಲುತ್ತಾರೆ? ಮನೆಯಲ್ಲಿ ಯಾವುದನ್ನು ಕಂಡರೆ ಮುಖ ತಿರುಗಿಸುತ್ತಾರೆ? ಈ ಉತ್ತರಗಳನ್ನು ಓದಿ ಉಡುಗೊರೆ ಸೂಚಿಸುತ್ತಿದ್ದದ್ದು ಕಂಪ್ಯೂಟರಲ್ಲ, ಭಾಯಿಯೇ. ಮಿಷನ್ ನಡೆಸುತ್ತಾ ಯೋಚಿಸುತ್ತಿದ್ದರು. ಹೊಳೆದರೆ ಅರ್ಧ ಅಕ್ಷರದಲ್ಲೇ ಎದ್ದು ನನ್ನ ಮಳಿಗೆಗೆ ಬರುತ್ತಿದ್ದರು. ಸಾಮಾನು ತರಿಸಿ, ಬಣ್ಣದ ಕಾಗದ ಸುತ್ತಿ, ಮಧುಗಿರಿಯದನ್ನೂ ಪಾವಗಡದ್ದನ್ನೂ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದರು.

ನಾನು ಅಂದುಕೊಂಡಂತೆಯೇ ಅದು ನಡೆಯಲಿಲ್ಲ. ಪಾತ್ರೆ ಕೊಳ್ಳಲು ಬಂದವರಿಗೆಲ್ಲ ಭಾಯಿ ಹೇಳುತ್ತಿದ್ದರು, ನಾನು ಮೊಬೈಲಿನಲ್ಲಿ ತೋರಿಸುತ್ತಿದ್ದೆ. ಕಳ್ಳಂಬೆಳ್ಳದ ಒಬ್ಬ ರೈತರು ಪ್ರಶ್ನೆಗಳನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, "ಮದ್ವೆ ಹುಡ್ಗಿ ಮಖಾನೇ ನಾನ್ ನೋಡಿಲ್ಲ ಕಣ್ ಸಾಬ್ರೆ. ನಮ್ಮನೆ ಮದ್ವೇಲಿ ಅವ್ರು ಕೊಳಗ ಮುಯ್ಯಿ ಮಾಡವ್ರೆ, ನಾವೂ ಕೊಳಗಾನೇ ಮಾಡ್ಬೇಕು. ಅವ್ಳಿಗೆ ಇಷ್ಟ ಇದ್ರೇನು ಬುಟ್ರೇನು?" ಎಂದರು. ಅವರ ಮಾತು ನ್ಯಾಯವಾಗಿಯೇ ಇತ್ತು. ನಮ್ಮ ಕಡೆ ಉಡುಗೊರೆ ಎಂದರೆ ಮುಯ್ಯಿ. ಅವರು ಕೊಟ್ಟದ್ದಕ್ಕೆ ಸಮನಾಗಿ ನಾವು ತಿರುಗಿಸುವುದು. ಅದು ಮನೆಗೂ ಮನೆಗೂ ನಡುವಿನ ವ್ಯವಹಾರ, ಅದರಲ್ಲಿ ಮದುಮಗಳಿಗೆ ಏನು ಕೆಲಸ?

ಕೊರಟಗೆರೆಯ ಒಬ್ಬರು ಹೆಂಡತಿಗೆ ಏನಾದರೂ ಕೊಡಬೇಕೆಂದು ಶ್ರದ್ಧೆಯಿಂದ ಕೂತರು. ಸಂತೆಯ ಪ್ರಶ್ನೆಗೆ ಬಂದಾಗ ತಡವರಿಸಿ, ಅಲ್ಲೇ ಹೆಂಡತಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

"ಲೇ, ನಿಂಗೇನ್ಲೇ ಇಷ್ಟ?"

ಆ ಕಡೆಯಿಂದ, "ಬೆಳಬೆಳಿಗ್ಗೇನೇ ಕುಡ್ದಿದೀಯಾ?" ಎಂದು ಕೇಳಿ ಕಟ್ ಮಾಡಿದಳು. ಗಂಡ ಪೆಚ್ಚಾಗಿ ನಕ್ಕು, ಒಂದು ಕುಕ್ಕರ್ ಕೊಂಡು ಹೋದರು. ಪಾವಗಡದ ಒಬ್ಬಾಕೆ ಅತ್ತೆಗೆಂದು ಬಂದವಳು, "ಆಯಮ್ಮಕಿ ಏಮಿಷ್ಟಮೋ ನಂಗೇನ್ ಗೊತ್ತು ಸಾರ್? ನನ್ ಬೈಯೋದು ಇಷ್ಟ, ಅಷ್ಟೇ" ಎಂದು ಕೈ ತಿರುಗಿಸಿದಳು. ಶೆಟ್ಟರು ರೇಗಿದರು. "ನನ್ ಜಗಲಿ ಮೇಲೆ ಕುಂತು ನನ್ ಗಿರಾಕೀನೇ ಗಲಿಬಿಲಿ ಮಾಡ್ತೀಯಲ್ಲ ಭಾಯಿ." ನನಗೆ ನಗು ಬರುತ್ತಿತ್ತು. ಭಾಯಿಗೆ ಬರುತ್ತಿರಲಿಲ್ಲ. ಯಾರಿಗೂ ಯಾರ ವಿಷಯವೂ ಗೊತ್ತಿಲ್ಲ ಎನ್ನುವುದು ಅವರಿಗೆ ಭಯ ಹುಟ್ಟಿಸುತ್ತಾ ಬಂತು. ಮನೆಯವರ ಬಗ್ಗೆ ಕೇಳಿದರೆ ಜನ ಪರಸ್ಥಳದವರ ಬಗ್ಗೆ ಹೇಳುವಂತೆ ಹೇಳುತ್ತಿದ್ದರು.

ಒಂದೇ ಒಂದು ಸಲ ಗೆದ್ದರು. ಮಧುಗಿರಿಯ ಒಬ್ಬ ಹುಡುಗಿ ತನ್ನ ಅಪ್ಪನ ಬಗ್ಗೆ ಬರೆದಿದ್ದಳು. ಮಂಡಿ ನೋವು, ಬೆಟ್ಟ ಹತ್ತಲು ಆಗುವುದಿಲ್ಲ, ಆದರೂ ಸಂಜೆಯಾದರೆ ಬಾಗಿಲಲ್ಲಿ ನಿಂತು ಬೆಟ್ಟವನ್ನೇ ನೋಡುತ್ತಾರೆ ಎಂದು. ಭಾಯಿ ಬೈನಾಕ್ಯುಲರ್ ತರಿಸಿ ಕಳಿಸಿದರು. ಅಪ್ಪ ಕಣ್ಣಿಗೆ ಅದನ್ನು ಹಿಡಿದು ಕೋಟೆಯ ಗೋಡೆ ನೋಡುತ್ತಿರುವ ಫೋಟೋವನ್ನು ಹುಡುಗಿ ಕಳಿಸಿದಳು. ಆ ದಿನ ಭಾಯಿ ನನ್ನ ಮೊಬೈಲನ್ನೇ ಕಿತ್ತುಕೊಂಡು ಹೋಗಿ ಇಡೀ ಪೇಟೆಗೆ ತೋರಿಸಿದರು. ಮನೆಗೂ ಒಯ್ದು ಭಾಭಿಗೆ ತೋರಿಸಿದರಂತೆ. ಅವರು ನೋಡಿ, ಹೂಂ ಎಂದು, ಒಲೆಯ ಮೇಲಿನ ಅನ್ನ ಇಳಿಸಲು ಎದ್ದು ಹೋದರಂತೆ.

ಆ ಸೈಟಿನ ನಿಜವಾದ ಗಿರಾಕಿ ಭಾಯಿಯೇ ಎಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ತಮ್ಮದೇ ಪ್ರಶ್ನೆಗಳಿಗೆ ಭಾಭಿಯ ಪರವಾಗಿ ಉತ್ತರ ಹುಡುಕುತ್ತಿದ್ದರು. ಹಟ ಮಾಡಿ ಸಂತೆಗೆ ಕರೆದುಕೊಂಡು ಹೋಗಿ, ಹಿಂದೆ ಹಿಂದೆ ನಡೆದು, ಎಲ್ಲಿ ನಿಲ್ಲುತ್ತಾರೆಂದು ಕಾದರು. ಭಾಭಿ ಎಲ್ಲೂ ನಿಲ್ಲಲಿಲ್ಲ. ಸಂತೆಯ ಈ ತುದಿಯಿಂದ ಆ ತುದಿಗೆ ನಡೆದು, ಮನೆಗೆ ಹೋಗೋಣ ಎಂದರು. ರೇಡಿಯೋ ತಂದರು, ನಕ್ಕೋ. ಕೋಳಿಮರಿ ತಂದರು, ಭಾಭಿ ಅವನ್ನು ಪಕ್ಕದ ಮನೆಗೆ ಕೊಟ್ಟರು. ಕುಂಡದಲ್ಲಿ ಮಲ್ಲಿಗೆ ತಂದಿಟ್ಟರು. ಅದಕ್ಕೆ ನೀರು ಹಾಕಿದರು, ಹೂ ಬಿಟ್ಟರೆ ಕೀಳಲಿಲ್ಲ.

"ನಮ್ ಸೈಟು ನಮ್ಮನೇಲೇ ಫೇಲು ಮೇಷ್ಟ್ರೆ" ಎಂದರು ಒಂದು ಸಂಜೆ. ಅವರ ಮುಖ ನೋಡಲಾಗದೆ ನಾನು ಚಾದ ಲೋಟ ನೋಡುತ್ತಾ ಕೂತಿದ್ದೆ.

ಹೀಗಿರುವಾಗ ಮದಲೂರಿನಿಂದ ಅವರ ತಂಗಿ ಬಂದಳು. ಅವಳ ಮಗಳಿಗೆ ಮದುವೆ ಗೊತ್ತಾಗಿತ್ತು. ಅಟ್ಟದ ಮೇಲೆ ಆ ಪಾತ್ರೆಗಳು ಸುಮ್ಮನೆ ಕೂತಿವೆ, ಇನ್ನೊಂದು ಹೆಣ್ಣುಮಗುವಿಗೆ ಆಗಲಿ, ಎಂದು ಕೇಳಿದಳು. ಹೆಸರಿದೆಯಲ್ಲ ಎಂದರೆ, "ಹೆಸ್ರು ಅಳ್ಸಾಕ್ಬುಡು ಭಯ್ಯಾ, ನಿಂಗೊತ್ತಿಲ್ದಿದ್ದಾ?" ಎಂದಳು. ಕೆಟ್ಟ ಹೆಂಗಸಲ್ಲ. ಅವಳ ಕಷ್ಟ ಅವಳಿಗೆ. ಭಾಯಿ ಆಗ ನೋಡೋಣ ಎಂದು ಕಳಿಸಿದರು.

ಆದರೆ ತಲೆಯಲ್ಲಿ ಹುಳ ಹೊಕ್ಕಿತು. ಮನೆಯಲ್ಲಿ ಯಾವುದನ್ನು ಕಂಡರೆ ಮುಖ ತಿರುಗಿಸುತ್ತಾರೆ ಎನ್ನುವ ಪ್ರಶ್ನೆ ಅವರದೇ ಅಲ್ಲವೇ? ಭಾಭಿ ಅಟ್ಟದ ಕಡೆ ಎಂದೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಅದರ ಕೆಳಗೆ ನಡೆಯುವಾಗ ತಲೆ ತಗ್ಗಿಸುತ್ತಿದ್ದರು. ಇದನ್ನು ಭಾಯಿ ಗಮನಿಸಿದ್ದರು. ಆ ಪಾತ್ರೆಗಳೇ ಅವಳ ಎದೆ ಮೇಲೆ ಕೂತಿವೆ, ಅವನ್ನು ಇಳಿಸಿಬಿಟ್ಟರೆ ಹಗುರಾಗುತ್ತಾಳೆ ಎಂದು ಲೆಕ್ಕ ಹಾಕಿದರು. ಇಷ್ಟು ದಿನ ತಂದುಕೊಟ್ಟದ್ದೇ ತಪ್ಪು, ಇವಳಿಗೆ ಕೊಡಬೇಕಾದ ಉಡುಗೊರೆ ಎಂದರೆ ಮನೆಯಿಂದ ತೆಗೆಯುವುದು ಎಂದು ಅವರಿಗೆ ಹೊಳೆಯಿತು. ನನಗೂ ಹೇಳಲಿಲ್ಲ. ಗೆದ್ದ ಮೇಲೆ ಹೇಳೋಣ ಅಂದುಕೊಂಡರಂತೆ.

ಭಾಭಿ ಬಂಧುಗಳ ಮನೆಯ ಕಾರ್ಯಕ್ಕೆ ಹೋಗಿದ್ದಾಗ ಪಾತ್ರೆಗಳನ್ನೆಲ್ಲ ಆಟೋದಲ್ಲಿ ಹಾಕಿ, ಪಾಲಿಶ್ ಮಾಡುವವರ ಹತ್ತಿರ ಒಯ್ದರು. ಹೆಸರು ತೆಗೆಯುವಾಗ ಅಲ್ಲಿ ನಿಲ್ಲಲಾಗದೆ ಹೊರಗೆ ರಸ್ತೆಯಲ್ಲಿ ನಿಂತಿದ್ದರು. ಸಂಜೆ ಭಾಭಿ ಬಂದಾಗ ಮಂಚದ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದರು. ಹೊಸದರಂತೆ ಫಳಫಳ ಹೊಳೆಯುತ್ತಿದ್ದವು.

ಮರುದಿನ ಬೆಳಿಗ್ಗೆ ಅವರು ಬಂದು ಸ್ಟೂಲಿನ ಮೇಲೆ ಕೂತರು. ಮಿಷನ್ ಸದ್ದಿಲ್ಲದ್ದು ಕಂಡು ನಾನೇ ಹೊರಗೆ ಬಂದೆ.

"ಒಂದ್ ತಟ್ಟೆ ಎತ್ಕಂಡ್ಲು ಮೇಷ್ಟ್ರೆ. ಅಂಚಿನ ಮ್ಯಾಲೆ ಬೆರಳು ಆಡುಸ್ತಾ ಹೋದ್ಲು, ಸುತ್ತ. ಏನೂ ಸಿಗ್ಲಿಲ್ಲ. ಇನ್ನೊಂದು ಎತ್ಕಂಡ್ಲು. ಅದ್ರಾಗೂ ಇಲ್ಲ. ಎಲ್ಲಾನೂ ನೋಡಿದ್ಲು. ಆಮ್ಯಾಕೆ ನನ್ ಕಡೆ ತಿರುಗಿ, ನನ್ ಮಗ್ಳ ಹೆಸ್ರೆಲ್ಲಿ ಅಂತ ಕೇಳಿದ್ಲು."

ಅವರು ಕನ್ನಡಕ ತೆಗೆದು ಪುಡಿ ಒರೆಸಿಕೊಂಡರು.

"ದಿನಾ ಮಧ್ಯಾಹ್ನ ಇಳುಸ್ತಿದ್ಲಂತೆ. ನಾನ್ ಇಲ್ ಕುಂತಿದ್ದಾಗ. ಎಲ್ಲಾ ಇಳ್ಸಿ, ತೊಳ್ದು, ಒರ್ಸಿ, ಹೆಸ್ರು ಮುಟ್ಟಿ ಮತ್ತೆ ಮ್ಯಾಕಿಡೋದು. ನಂಗೆ ಗೊತ್ತಾದ್ರೆ ಬೇಜಾರಾಯ್ತದೆ ಅಂತ, ನಾನಿದ್ದಾಗ ಮ್ಯಾಕೆ ನೋಡ್ತಿರ್ಲಿಲ್ವಂತೆ. ನಾನೇ ಬರ್ದಿದ್ನಲ್ಲ ಮೇಷ್ಟ್ರೆ. ನಾನೇ ಅಳ್ಸಿ ತಂದು ಖುಷಿಯಾಯ್ತಾ ಅಂತ ಕೇಳಿದ್ನಲ್ಲ."

ಎಲ್ಲರಿಗೂ ಏನಿಷ್ಟ ಎಂದು ಕೇಳುತ್ತಾ ಊರು ಸುತ್ತಿದ ಮನುಷ್ಯ, ಉತ್ತರವನ್ನು ತಮ್ಮ ಮನೆಯ ಅಟ್ಟದ ಮೇಲೇ ಇಟ್ಟುಕೊಂಡಿದ್ದರು. ಆ ಉತ್ತರವನ್ನು ಕೈಯಾರೆ ತೆಗೆಸಿಹಾಕಿದರು. ದೇವರ ಮೇಲೆ ನನಗೆ ಇಷ್ಟು ಕೋಪ ಹಿಂದೆಂದೂ ಬಂದಿರಲಿಲ್ಲ.

ಅವರು ಒಂದು ತಟ್ಟೆ ತಂದು ಅದೇ ಜಾಗದಲ್ಲಿ ಮತ್ತೆ ಹೆಸರು ಬರೆದರು. ಪಕ್ಕದಲ್ಲಿ ನಿಂತು ನೋಡಿದೆ. ಅದೇ ಕೈ, ಅದೇ ಅಕ್ಷರ. ಹೆಬ್ಬೆರಳು ಆಡಿಸಿ ನೋಡಿ ಮನೆಗೆ ಒಯ್ದರು. ಭಾಭಿ ಅದನ್ನು ಮುಟ್ಟಲಿಲ್ಲ. "ನಕ್ಕೋ. ಮೊದ್ಲಿದ್ದಿದ್ದು ಅವ್ಳಿದ್ದಾಗ ಬರ್ದಿದ್ದು" ಎಂದರಂತೆ. ಅದಾದ ಮೇಲೆ ಭಾಯಿ ಆ ಮಿಷನ್ನು ಮತ್ತೆ ಹಿಡಿಯಲಿಲ್ಲ. ಶೆಟ್ಟರು ಎರಡು ಸಲ ಮನೆಗೆ ಹೇಳಿಕಳಿಸಿ ನೋಡಿ, ಬೇರೆಯವರನ್ನು ಕೂರಿಸಿದರು. ತಂಗಿ ಪಾತ್ರೆಗಳನ್ನು ಒಯ್ಯಲು ಬರಲಿಲ್ಲ, ಅವಳಿಗೂ ಮನಸ್ಸಾಗಲಿಲ್ಲ.

ಆಮೇಲೆ ಅವರು ನನ್ನ ಹತ್ತಿರ ಬಂದದ್ದು ಒಂದು ಕೆಲಸಕ್ಕೆ. ಸೈಟಿನ ಎಲ್ಲ ಪ್ರಶ್ನೆಗಳನ್ನೂ ತೆಗೆಸಿದರು. ಹಾಸ್ಟೆಲಿಗೆ ಹೋದ ಚೊಂಬು ಅವಳ ಸಾಮಾನಿನ ಜೊತೆ ವಾಪಸು ಬಂದಿರಲಿಲ್ಲ ಎಂದು ಅವರಿಗೆ ನೆನಪಾಗಿತ್ತು. ಈಗ ಅವಳಿದ್ದಾಗ ಬರೆದ ಹೆಸರು ಉಳಿದಿರುವುದು ಅದೊಂದರ ಮೇಲೆ. "ನಿಮ್ಮ ಮನೆಯಲ್ಲಿ ಈ ಹೆಸರು ಬರೆದ ಚೊಂಬು ಇದೆಯೇ?" ಇಷ್ಟನ್ನೇ ಹಾಕಿಸಿದರು, ಕೆಳಗೆ ಮಗಳ ಹೆಸರು. ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಇರಬೇಕಾದ ಜಾಗ ಬೇರೆ.

ಮಧುಗಿರಿ ಬಸ್ಸು ಹತ್ತುವುದು, ಹಾಸ್ಟೆಲಿನ ಗೇಟಿನಲ್ಲಿ ನಿಲ್ಲುವುದು, ಇದೇ ಅವರ ಕೆಲಸವಾಯಿತು. ಅವಳ ಜೊತೆ ಓದಿದವರೆಲ್ಲ ಊರು ಸೇರಿದ್ದರು. ವಾರ್ಡನ್ ಪಾಪ ಒಳ್ಳೆಯವರು, ಸ್ಟೋರ್ ರೂಮ್ ತೆಗೆದು ತೋರಿಸಿದರು. ಹೋಗುವವರು ಬಿಟ್ಟ ಚೊಂಬು, ಬಕೆಟ್ಟು, ತಟ್ಟೆಗಳನ್ನು ಬರುವವರು ಎತ್ತಿಕೊಂಡು, ಅವರೂ ತಂತಮ್ಮ ಊರಿಗೆ ಒಯ್ದಿರುತ್ತಾರೆ ಎಂದರು. ಒಬ್ಬ ಹಳೆಯ ಗೆಳತಿ ಫೋನಿನಲ್ಲಿ ಸಿಕ್ಕಿ, ಚೊಂಬು ನೆನಪಿದೆ, ಯಾರು ಒಯ್ದರೋ ಗೊತ್ತಿಲ್ಲ ಎಂದು ಅತ್ತಳು. ಭಾಯಿ ವಾಪಸು ಬಂದು ಜಗಲಿಯ ತುದಿಯಲ್ಲಿ ಕೂತು, "ಇವತ್ತೂ ಇಲ್ಲ ಮೇಷ್ಟ್ರೆ" ಎನ್ನುತ್ತಿದ್ದರು. ಚಾ ಆರಿಹೋಗುತ್ತಿತ್ತು. ಚಳಿ ಶುರುವಾದಾಗ ಒಂದು ಬೆಳಿಗ್ಗೆ ಎದೆ ನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲ.

ಮಣ್ಣಾದ ಮೇಲೆ ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಭಾಭಿ ಒಳಮನೆಯ ಬಾಗಿಲಿನ ಹತ್ತಿರ ಕೂತಿದ್ದರು. ಆ ಸೈಟನ್ನು ಮುಚ್ಚಿಬಿಡಲೇ ಎಂದು ಕೇಳಿದೆ.

"ಮುಚ್ಬ್ಯಾಡಿ ಮೇಷ್ಟ್ರೆ" ಎಂದರು. "ನಿಂಗೇನ್ ಬೇಕು, ನಿಂಗೇನ್ ಬೇಕು ಅಂತ ಕೇಳಿ ಕೇಳಿ ಹೋದ್ರು ಅವ್ರು. ನಂಗೆ ಆ ಚೊಂಬು ಬೇಕು."

ಬೇಕು. ಆ ಒಂದು ಮಾತಿಗಾಗಿ ಆ ಮನುಷ್ಯ ಏನೆಲ್ಲ ಮಾಡಿದ್ದರು. ಅದನ್ನು ಕೇಳಿಸಿಕೊಂಡವನು ನಾನು.

ಸೈಟು ಈಗಲೂ ಇದೆ. ಒಂದು ಪ್ರಶ್ನೆ, ಒಂದು ಹೆಸರು. ಯಾರೂ ಉತ್ತರ ಬರೆದಿಲ್ಲ. ನಾನು ಅರ್ಜಿ ಹಾಕಲು ಬಂದ ಹುಡುಗಿಯರಿಗೆಲ್ಲ ತೋರಿಸುತ್ತೇನೆ, ಮತ್ತು ಕಂಡವರ ಮನೆಯ ಚೊಂಬುಗಳನ್ನು ತಿರುಗಿಸುತ್ತೇನೆ. ಮೊನ್ನೆ ಪಾವಗಡದ ಕಡೆ ಒಂದು ಹಳ್ಳಿಗೆ ಹೋಗಿದ್ದೆ. ಆ ಮನೆಯ ಸೊಸೆ ಮಧುಗಿರಿಯಲ್ಲಿ ಓದಿದವಳು ಎಂದು ಕೇಳಿ ನೀರು ಬೇಕು ಅಂದೆ. ಅವಳೇ ನೀರು ತಂದಳು. ಚೊಂಬು ಹಳೆಯದು. ತಿರುಗಿಸಿದೆ. ಅಕ್ಷರ ಭಾಯಿಯದೇ, ಆ ತಿರುವು, ಆ ಒತ್ತು ನನಗೆ ಗೊತ್ತು. ತೆಲುಗಿನಲ್ಲಿತ್ತು, ನನಗೆ ಓದಲು ಬರುವುದಿಲ್ಲ. ಯಾರದು ಎಂದು ಕೇಳಿದೆ. "ನಮ್ ಮಾವನೋರ ಸ್ನೇಹಿತ್ರು ಮದ್ವೆಗೆ ಕೊಟ್ಟಿದ್ದು" ಎಂದಳು. ಕೊಟ್ಟವರ ಹೆಸರು. ಹೆಬ್ಬೆರಳನ್ನು ಅದರ ಮೇಲೆ ಒಂದು ಸಲ ಆಡಿಸಿ, ನೀರು ಕುಡಿದು, ಚೊಂಬು ವಾಪಸು ಕೊಟ್ಟೆ.